ಡಿಸ್ಕ್ ಚುಚ್ಚಿದೊಡನೆ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆಯೇ?

ಪೆನ್‌ಡ್ರೈವನ್ನೋ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನೋ ಚುಚ್ಚುತ್ತೀರಿ. ಫೋಲ್ಡರ್ ತೆರೆಯುವುದಿಲ್ಲ, ಬಾಣದ ಪಕ್ಕದ ನೀಲಿ ಉಂಗುರ ಸುತ್ತುತ್ತಲೇ ಇರುತ್ತದೆ. ಕಂಪ್ಯೂಟರ್ ಕೆಟ್ಟಿತೆಂದು ಫಾರ್ಮ್ಯಾಟ್ ಮಾಡಿಸಲು ಓಡಬೇಡಿ. ಹೆಚ್ಚಿನ ಸಲ ಅದು ಡಿಸ್ಕಿನ ಉತ್ತರಕ್ಕೆ ಕಾಯುತ್ತಿರುತ್ತದೆ, ಅಷ್ಟೇ. ಉತ್ತರ ಯಾಕೆ ಬರುತ್ತಿಲ್ಲ ಎಂದು ಹುಡುಕುವುದೇ ನಮ್ಮ ಕೆಲಸ.

1. ಮೊದಲು ಒಂದೆರಡು ನಿಮಿಷ ಸುಮ್ಮನೆ ಕಾಯಿರಿ. ವಿಂಡೋಸ್ ಡಿಸ್ಕಿಗೆ ಕೊಡುವ ಗಡುವು ಸಾಮಾನ್ಯವಾಗಿ 60 ಸೆಕೆಂಡ್. ಆಮೇಲೆ ಅದೇ ಮತ್ತೆ ಪ್ರಯತ್ನಿಸುತ್ತದೆ. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೀಳಲೇಬೇಡಿ. ಎಷ್ಟು ಹೊತ್ತಾದರೂ ಅಲುಗದಿದ್ದಾಗ, ಯಾವುದೇ ಫೈಲ್ ಕಾಪಿ ಆಗುತ್ತಿಲ್ಲವೆಂದು ಖಾತ್ರಿಯಿದ್ದರೆ ಮಾತ್ರ ಕಿತ್ತು ನೋಡಿ. ಕಿತ್ತ ಕೂಡಲೇ ಕಂಪ್ಯೂಟರ್ ಚುರುಕಾದರೆ ತೊಂದರೆ ಡಿಸ್ಕ್, ಕೇಬಲ್ ಅಥವಾ ಪೋರ್ಟಿನ ಕಡೆಯದು.

2. ಕರೆಂಟ್ ಸಾಕಾಗುತ್ತಿದೆಯೇ ನೋಡಿ. ನಾನು ಕಂಡಂತೆ ಎಲ್ಲಕ್ಕಿಂತ ಹೆಚ್ಚು ಕಾಡುವ ಕಾರಣ ಇದೇ. ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ಕೊಡುತ್ತದೆ, 3.0 ಪೋರ್ಟ್ 900. ಅಂಗೈಯಗಲದ ಹಾರ್ಡ್ ಡಿಸ್ಕಿನ ತಟ್ಟೆ ತಿರುಗಲು ಶುರುವಾಗುವ ಆ ಕ್ಷಣದಲ್ಲಿ ಸುಮಾರು 1 ಆಂಪಿಯರ್ ಎಳೆಯಬಹುದು. ಅಕ್ಕನ ಮನೆಯಲ್ಲಿ ಮದುವೆ ಫೋಟೊಗಳಿದ್ದ ಡಿಸ್ಕ್ ಹೀಗೇ ಸತಾಯಿಸಿತ್ತು. ಸಿಪಿಯು ಮುಂಭಾಗದ ಪೋರ್ಟಿಗೆ ಉದ್ದನೆಯ ಕೇಬಲ್ ಹಾಕಿದ್ದರು. ಕಿವಿಯಿಟ್ಟು ಕೇಳಿದರೆ ಡಿಸ್ಕ್ ಗುಂಯ್ ಎಂದು ಏಳುತ್ತಿತ್ತು, ಟಿಕ್ ಎನ್ನುತ್ತಿತ್ತು, ಆರುತ್ತಿತ್ತು, ಮತ್ತೆ ಏಳುತ್ತಿತ್ತು. ಹಿಂಭಾಗದ ಪೋರ್ಟಿಗೆ, ಡಿಸ್ಕಿನ ಜೊತೆ ಬಂದಿದ್ದ ಗೇಣುದ್ದದ ಕೇಬಲ್‌ನಲ್ಲೇ ಚುಚ್ಚಿದೆ. ಒಂದೇ ಸಲಕ್ಕೆ ತೆರೆಯಿತು. ಹಿಂದಿನ ಪೋರ್ಟುಗಳು ಮದರ್‌ಬೋರ್ಡಿನ ಮೇಲೇ ಕೂತಿರುತ್ತವೆ. ಮುಂದಿನವಕ್ಕೆ ಒಳಗೊಂದು ವೈರ್ ಎಳೆದಿರುತ್ತಾರೆ. ಹಬ್ ಬೇಕೇಬೇಕೆಂದರೆ ತನ್ನದೇ ಅಡಾಪ್ಟರ್ ಇರುವುದನ್ನೇ ಕೊಳ್ಳಿ.

3. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಪೋರ್ಟ್, ಆಮೇಲೆ ಕೇಬಲ್, ಕೊನೆಗೆ ಬೇರೆ ಕಂಪ್ಯೂಟರ್. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷ ಎಲ್ಲಿತ್ತೆಂದೇ ತಿಳಿಯುವುದಿಲ್ಲ.

4. ಆನ್ ಮಾಡುವಾಗಲೇ ಕಂಪನಿಯ ಲೋಗೊ ಬಂದು ನಿಂತುಬಿಟ್ಟರೆ, ಚುಚ್ಚಿಟ್ಟ ಪೆನ್‌ಡ್ರೈವ್ ತೆಗೆದು ಮತ್ತೆ ಆನ್ ಮಾಡಿ. ಬಯೋಸ್‌ನ ಬೂಟ್ ಸಾಲಿನಲ್ಲಿ ಒಳಗಿನ ಡಿಸ್ಕನ್ನು ಮೊದಲು ತನ್ನಿ.

5. ಮೌಸ್ ಮಾತ್ರ ತಡವರಿಸುತ್ತಿದೆಯೇ? ಹಾಗಾದರೆ ಕಂಪ್ಯೂಟರ್ ಹ್ಯಾಂಗ್ ಆಗಿಲ್ಲದಿರಬಹುದು. ಯುಎಸ್‌ಬಿ 3.0 ಡಿಸ್ಕ್ ಕೆಲಸ ಮಾಡುವಾಗ ಅದರಿಂದ ಹೊಮ್ಮುವ ರೇಡಿಯೊ ಗದ್ದಲ, ವೈರ್‌ಲೆಸ್ ಮೌಸ್ ಬಳಸುವ 2.4 ಗಿಗಾಹರ್ಟ್ಸ್‌ಗೆ ಅಡ್ಡ ಬರುತ್ತದೆ. ಮೌಸಿನ ಪುಟ್ಟ ರಿಸೀವರನ್ನು ಡಿಸ್ಕಿನಿಂದ ದೂರದ ಪೋರ್ಟಿಗೆ ಹಾಕಿ.

6. ರಿಪೇರಿಗಿಂತ ಮೊದಲು ಕಾಪಿ. ಇದೊಂದನ್ನು ದಯವಿಟ್ಟು ಮರೆಯಬೇಡಿ. ಕೇಬಲ್, ಪೋರ್ಟ್ ಎಲ್ಲ ಬದಲಿಸಿದರೂ ನಿಲ್ಲುತ್ತಿದ್ದರೆ ಡಿಸ್ಕೇ ಸವೆದಿರಬಹುದು. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಎಂಬಲ್ಲಿ ಹ್ಯಾಂಗ್ ಆದ ಹೊತ್ತಿನ ದಾಖಲೆ ನೋಡಿ. ಡಿಸ್ಕ್ ಹೆಸರಿನಲ್ಲಿ ಈವೆಂಟ್ ಐಡಿ 7 ಎಂದಿದ್ದರೆ ಕೆಟ್ಟ ಬ್ಲಾಕ್ ಸಿಕ್ಕಿದೆ ಎಂದರ್ಥ. 153 ಎಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಿದೆ. 'ಸ್ಕ್ಯಾನ್ ಮಾಡಿ ಸರಿಪಡಿಸಲೇ?' ಎಂದು ಕೇಳಿದ ಕೂಡಲೇ ಹೂಂ ಅನ್ನಬೇಡಿ. ಆ ಸರಿಪಡಿಸುವ ಕೆಲಸ ಮಾಡುವ ಚೆಕ್‌ಡಿಸ್ಕ್ ಇಡೀ ಡಿಸ್ಕನ್ನು ಕೆದಕತೊಡಗಿದರೆ ಸೋತ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾದೀತು. ಮಗುವಿನ ಫೋಟೊ, ಮನೆಪತ್ರದ ಸ್ಕ್ಯಾನ್, ಅಪ್ಪನ ಧ್ವನಿ ಇರುವ ರೆಕಾರ್ಡಿಂಗ್ — ಮತ್ತೆ ಸಿಗದಂಥವನ್ನು ಮೊದಲು, ಒಂದೊಂದೇ ಫೋಲ್ಡರಿನಂತೆ ಬೇರೆಡೆಗೆ ಸಾಗಿಸಿ. ಸಿನಿಮಾಗಳು ಆಮೇಲೆ. ಕಟಕಟ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಡೇಟಾ ರಿಕವರಿ ಬಲ್ಲವರಿಗೇ ಕೊಡಿ.

7. ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮಾತ್ರ ಹ್ಯಾಂಗ್ ಆಗುವುದಾದರೆ, ಪವರ್ ಆಪ್ಶನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಇದೆಯೇ ನೋಡಿ, ಇದ್ದರೆ ಆಫ್ ಮಾಡಿ. ಮಲಗಿಸಿದ ಡಿಸ್ಕ್ ಕೆಲವೊಮ್ಮೆ ಕರೆದಾಗ ಏಳುವುದಿಲ್ಲ.

8. ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕ 1 ಟೆರಾಬೈಟ್ ಪೆನ್‌ಡ್ರೈವಿನ ಮೇಲೆ ಅನುಮಾನವಿರಲಿ. ಒಳಗಿರುವ ಚಿಪ್ ಕೆಲವೇ ಗಿಗಾಬೈಟಿನದಾಗಿದ್ದು, ಅದು ತುಂಬಿದ ಮೇಲೆ ಹಳೆಯ ಫೈಲುಗಳ ಮೇಲೇ ಹೊಸದನ್ನು ಬರೆಯುವ ನಕಲಿಗಳಿವೆ. ಕೊಂಡ ದಿನವೇ ತುಂಬುವಷ್ಟು ಫೈಲ್ ಹಾಕಿ, ಕಿತ್ತು ಮತ್ತೆ ಚುಚ್ಚಿ, ಮೊದಲು ಹಾಕಿದ್ದೂ ಕೊನೆಗೆ ಹಾಕಿದ್ದೂ ತೆರೆಯುತ್ತವೆಯೇ ನೋಡಿ. ತೆರೆಯದಿದ್ದರೆ ಬಿಲ್ ಸಮೇತ ಅಂಗಡಿಗೆ ಹಿಂದಿರುಗಿಸಿ.