‘ಟೂಫರ್’ ಮತ್ತು ‘ಕೊಸರು’: ಒಂದು ಪದವಿಚಾರ

ಪದಗಳು ಕಾವ್ಯಶಾಸ್ತ್ರಗಳಲ್ಲಿ ಮಾತ್ರವಲ್ಲದೆ ಅಂಗಡಿಬೀದಿಯ ಮಾತಿನಲ್ಲಿಯೂ ಹುಟ್ಟಿ ಬೆಳೆಯುತ್ತವೆ. ಅಮೆರಿಕದ ಆಡುಮಾತಿನ ‘ಟೂಫರ್’ ಎಂಬುದು ಇದಕ್ಕೊಂದು ನಿದರ್ಶನ. ಒಂದರ ಬೆಲೆಗೆ ಎರಡು ದೊರೆಯುವ ಸರಕಿಗೆ ಅಲ್ಲಿನ ಜನರಿಟ್ಟ ಹೆಸರಿದು.

ಇದರ ವ್ಯುತ್ಪತ್ತಿ ಸರಳವಾದುದು. ‘ಟೂ’ ಎಂದರೆ ಎರಡು. ‘ಫಾರ್’ ಎಂಬುದು ನಮ್ಮ ಚತುರ್ಥೀ ವಿಭಕ್ತಿಯ ಅರ್ಥವನ್ನು ಕೊಡುವ ಪದ. ಅಗ್ಗದ ಚುಟ್ಟಗಳನ್ನು ಐದು ಸೆಂಟಿನ ‘ನಿಕಲ್’ ನಾಣ್ಯಕ್ಕೆ ಎರಡರಂತೆ ಮಾರುತ್ತಿದ್ದಾಗ ಅವುಗಳ ಬೆಲೆಯನ್ನು ‘ಟೂ ಫಾರ್ ಎ ನಿಕಲ್’ ಎಂದು ಹೇಳುತ್ತಿದ್ದರು. ಬಳಕೆಯಲ್ಲಿ ನಾಣ್ಯದ ಹೆಸರು ಲೋಪವಾಗಿ, ಉಳಿದೆರಡು ಪದಗಳು ಬೆಸೆದು ‘ಟೂಫರ್’ ಎಂಬ ನಾಮಪದವಾಯಿತು. 20ನೆಯ ಶತಮಾನದ ಆರಂಭದ ವೇಳೆಗೆ ಅದು ರೂಢಿಯಲ್ಲಿತ್ತು. ಕನ್ನಡದಲ್ಲಿ ಇಂತಹ ಪದ ಹುಟ್ಟುವುದು ಕಷ್ಟ. ‘ರೂಪಾಯಿಗೆ ಎರಡು’ ಎಂಬಲ್ಲಿ ‘ಗೆ’ ಪ್ರತ್ಯಯ ಬೆಲೆಯನ್ನೇ ಅಂಟಿಕೊಂಡಿರುತ್ತದೆ. ಬೆಲೆಯನ್ನು ಬಿಟ್ಟರೆ ಪ್ರತ್ಯಯವೂ ಹೋಗುತ್ತದೆ.

ಮುಂದೆ ಈ ಪದಕ್ಕೆ ಅರ್ಥವಿಸ್ತಾರವಾಯಿತು. ಮೊದಲು ಕೀಳುದರ್ಜೆಯ ಚುಟ್ಟವನ್ನು ಸೂಚಿಸುತ್ತಿದ್ದುದು, ಬಳಿಕ ಒಂದರ ದರದಲ್ಲಿ ನಾಟಕದ ಎರಡು ಟಿಕೇಟು ಕೊಡಿಸುವ ಚೀಟಿಗೆ ಹೆಸರಾಯಿತು. ಈಗ ಒಂದೇ ಯತ್ನದಿಂದ ಎರಡು ಪ್ರಯೋಜನ ಲಭಿಸಿದರೂ ಅದು ‘ಟೂಫರ್’. ನಮ್ಮ ‘ಸ್ವಾಮಿಕಾರ್ಯ, ಸ್ವಕಾರ್ಯ’ ಎಂಬ ನುಡಿ ಈ ಅರ್ಥಕ್ಕೆ ಸಮೀಪವಾದುದು. ಇದೇ ಮಾದರಿಯಲ್ಲಿ ಮೂರಕ್ಕೆ ‘ಥ್ರೀಫರ್’ ಎಂಬ ಪದವೂ ಹುಟ್ಟಿದೆ.

‘ಟೂಫರ್’ ಪದವನ್ನು ಕನ್ನಡಿಸುವಾಗ ‘ಕೊಸರು’ ಎಂಬ ಪದ ಒಡನೆಯೇ ನೆನಪಾಗುವುದು ಸಹಜ. ತೆಲುಗಿನಲ್ಲಿ ‘ಕೊಸರು’, ತಮಿಳಿನಲ್ಲಿ ‘ಕೊಸುರು’ ಎಂದಿರುವ ಇದು ನೆರೆನುಡಿಗಳಿಗೂ ಸಮಾನವಾದುದು. ಆದರೆ ಇವೆರಡರ ಅರ್ಥ ಒಂದೇ ಅಲ್ಲ. ಸೇರಿನಲ್ಲಿ ಅಳೆದುಕೊಟ್ಟ ಕಾಳಿನ ಮೇಲೆ ಒಂದು ಹಿಡಿ, ಮೊಳ ಹಾಕಿದ ಹೂವಿನ ಮೇಲೆ ನಾಲ್ಕು ಬೆರಳು, ಇದು ಕೊಸರು. ಕೊಳ್ಳುವವರು ಅದನ್ನು ಕೇಳುವುದುಂಟು. ಕೊಡುವುದು ಮಾರುವವರ ಮನಸ್ಸಿಗೆ ಸೇರಿದ್ದು. ‘ಟೂಫರ್’ನಲ್ಲಿಯಾದರೋ ಎರಡನೆಯ ವಸ್ತು ಮೊದಲೇ ಸಾರಿದ ಬೆಲೆಯೊಳಗೆ ಸೇರಿರುತ್ತದೆ. ಅದು ವ್ಯಾಪಾರದ ಕರಾರು. ಕೊಸರು ಅಳತೆ ಮುಗಿದ ಮೇಲಿನ ಸೌಜನ್ಯ.

ಆದುದರಿಂದ ‘ಟೂಫರ್’ ಪದಕ್ಕೆ ‘ಒಂದರ ಬೆಲೆಗೆ ಎರಡು’ ಎಂದು ಬಿಡಿಸಿ ಹೇಳುವುದೇ ಯುಕ್ತ. ಅದನ್ನು ‘ಕೊಸರು’ ಎಂದು ಕರೆದರೆ ಅನುವಾದ ತಪ್ಪುವುದಲ್ಲದೆ, ನಮ್ಮ ಪದದ ಹಿರಿಮೆಯೂ ಅಳಿಯುತ್ತದೆ. ವಿದ್ಯಾರ್ಥಿಗಳಿಗೆ ಪದಾರ್ಥವನ್ನು ಬೋಧಿಸುವವರು ಆ ಪದ ಹುಟ್ಟಿದ ವ್ಯವಹಾರವನ್ನೂ ಜೊತೆಯಲ್ಲಿಯೇ ತಿಳಿಸಬೇಕಾದುದು ಇದಕ್ಕಾಗಿ.