ಬೇರೆ ಬೇರೆ ಮರಿಗಳನ್ನು ಒಂದೇ ಹಿಂಡಾಗಿ ಕೂಡಿಸುವ ಬಗೆ

ಕೋಳಿಮರಿಗಳನ್ನು ಸಾಕಿ ಬಲ್ಲವರು ನಮ್ಮಲ್ಲಿ ಅನೇಕರುಂಟು. ಆದರೆ ಎರಡು ಕಡೆಗಳಿಂದ ಬಂದ ಮರಿಗಳನ್ನು ಒಂದೇ ಗೂಡಿನಲ್ಲಿ ಕೂಡಿಸುವದು ಹೇಗೆಂದು ಬಲ್ಲವರು ಕೊಂಚವೇ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಸ್ವಸಹಾಯ ಸಂಘಗಳಲ್ಲಿ ಸಾಲ ಪಡೆದು ಈ ಕಸುಬನ್ನು ಕೈಕೊಂಡಿರುವರು. ಅವರಿಗೆ ನಷ್ಟವು ಸಂಭವಿಸುವದು ಬಹುಮಟ್ಟಿಗೆ ಎರಡನೆಯ ಸಾರಿ ತಂದ ಮರಿಗಳಲ್ಲಿ. ಮೊದಲಿನವು ಮೂರು ತಿಂಗಳಿನವಾಗಿ ಬಲಿತಿರುವಾಗ, ಐದು ವಾರದ ಹೊಸ ಮರಿಗಳನ್ನು ತಂದ ದಿನವೇ ಅವುಗಳ ನಡುವೆ ಬಿಟ್ಟರೆ, ಒಂದೆರಡು ಕುಕ್ಕಿಸಿಕೊಂಡು ಸಾಯುವವು; ಮಿಕ್ಕವು ಹೆದರಿ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರು ಕಟ್ಟುವವು. ಮರಿ ಸತ್ತರೂ ಸಾಲವು ಸಾಯುವದಿಲ್ಲವಷ್ಟೆ. ಈ ವಿಷಯವನ್ನು ಕುರಿತು ಹಲವರು ನಮ್ಮನ್ನು ಕೇಳಿದ್ದರಿಂದ, ನಮ್ಮ ವಸತಿಗೃಹದ ಹಿತ್ತಲಿನಲ್ಲಿ ನಾವು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಕೋಳಿಯ ಸ್ವಭಾವವನ್ನು ಅರಿಯತಕ್ಕದ್ದು. ನಾರ್ವೆ ದೇಶದ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬ ಪ್ರಾಣಿಶಾಸ್ತ್ರಜ್ಞನು ತನ್ನ ಬಾಲ್ಯದಿಂದಲೇ ಹೇಂಟೆಗಳನ್ನು ನೋಡುತ್ತ ಬಂದು, ಹಿಂಡಿನಲ್ಲಿ ಯಾವದು ಯಾವದನ್ನು ಕುಕ್ಕಬಹುದೆಂಬದಕ್ಕೆ ಒಂದು ಶ್ರೇಣಿಯುಂಟೆಂದು 1922ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದು ಪ್ರಕಟಿಸಿದನು. ಮೇಲಿನದು ಕುಕ್ಕಿದರೆ ಕೆಳಗಿನದು ತಲೆ ತಗ್ಗಿಸಿ ದಾರಿ ಬಿಡುವದು, ತಿರುಗಿ ಕುಕ್ಕದು. ಎರಡು ಮೂರು ವಾರದ ಮರಿಗಳು ಎದೆಗೆ ಎದೆ ಕೊಟ್ಟು ಹಾರಿ ಆಟದ ಕಾಳಗ ಮಾಡುವದನ್ನು ಎಲ್ಲರೂ ಕಂಡಿರುವರು. ಈ ಶ್ರೇಣಿಯ ಆರಂಭವು ಅಲ್ಲಿಯೇ. ಸುಮಾರು ಆರರಿಂದ ಹತ್ತು ವಾರಗಳೊಳಗೆ ಅದು ನೆಲೆಗೊಳ್ಳುವದು. ಆ ಮೇಲೆ ಜಗಳವು ಕಡಿಮೆಯಾಗಿ, ಕತ್ತೆತ್ತಿ ನೋಡಿದರೆ ಸಾಕಾಗುವದು. ಅವು ಒಂದನ್ನೊಂದು ಗುರುತಿಸುವದು ವಿಶೇಷವಾಗಿ ತಲೆ ಮತ್ತು ಜುಟ್ಟುಗಳಿಂದ. ಗುರುತಿಲ್ಲದ ತಲೆಗಳು ಬಂದೊಡನೆ ಈ ಲೆಕ್ಕವೆಲ್ಲವೂ ಮೊದಲಿನಿಂದ ಆಗಬೇಕು. ಆದಕಾರಣ ಹಳೆಯವು ಕ್ರೂರವೆಂದೂ ಹೊಸವು ಹೇಡಿಗಳೆಂದೂ ಎಣಿಸಬಾರದು. ಹೊಸದಕ್ಕೆ ಇನ್ನೂ ಸ್ಥಾನ ದೊರೆತಿಲ್ಲ, ಅಷ್ಟೇ. ಜೂನ್ ತಿಂಗಳ ಮೊದಲ ವಾರವನ್ನು ಬಲ್ಲ ನಮ್ಮ ಮೇಟ್ರನ್ನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯರಿಂದ ನಾವು ಈ ಪಾಠವನ್ನು ಹಿತ್ತಲಿನಲ್ಲಿಯೇ ಮಾಡಿಸುತ್ತೇವೆ. ಹನ್ನೆರಡು ಮರಿಗಳ ಕಾಲುಗಳಿಗೆ ಬಣ್ಣಬಣ್ಣದ ನೂಲನ್ನು ಸಡಿಲವಾಗಿ ಕಟ್ಟಿ, ದಿನಕ್ಕೆ ಅರ್ಧ ಗಂಟೆ ಕುಳಿತು, ಯಾವ ಬಣ್ಣವು ಯಾವದನ್ನು ಕುಕ್ಕಿತೆಂದು ಪುಸ್ತಕದಲ್ಲಿ ಬರೆದುಕೊಳ್ಳುವರು. (ಕಾಲು ಬೆಳೆಯುತ್ತಿರುವದರಿಂದ ನೂಲನ್ನು ವಾರವಾರವೂ ಬದಲಿಸಬೇಕು.) ಎಂಟು ಹತ್ತು ದಿನಗಳಲ್ಲಿ ಅದೊಂದು ಏಣಿಯಂತೆ ಕಾಣುವದು. ಒಮ್ಮೊಮ್ಮೆ ಹಳದಿಯು ಹಸುರನ್ನೂ, ಹಸುರು ನೀಲಿಯನ್ನೂ, ನೀಲಿಯು ಹಳದಿಯನ್ನೂ ಕುಕ್ಕುವ ಸುತ್ತು ಲೆಕ್ಕವು ದೊರೆಯುವದು. ಹುಡುಗಿಯರು ತಪ್ಪು ಬರೆದರೆಂದು ಗದರಿಸಬೇಡಿರಿ. ಇಂಥ ತ್ರಿಕೋಣಗಳನ್ನು ಶೆಲ್ಡೆರುಪ್-ಎಬ್ಬೆಯೂ ಕಂಡಿದ್ದನು.

ಇನ್ನು ಕೂಡಿಸುವ ಕ್ರಮ. ಕುಕ್ಕಿಗಿಂತಲೂ ರೋಗವು ಹೆಚ್ಚು ಮರಿಗಳನ್ನು ಕೊಲ್ಲುವದಾದ್ದರಿಂದ, ತಂದ ಮರಿಗಳನ್ನು ಮೂರು ನಾಲ್ಕು ವಾರ ದೂರದ ಬೇರೆ ಗೂಡಿನಲ್ಲಿಯೇ ಇಡತಕ್ಕದ್ದು. ಮೇವು ಹಾಕುವಾಗ ಮನೆಯ ಹಿಂಡಿಗೆ ಮೊದಲು, ಹೊಸವಕ್ಕೆ ಆಮೇಲೆ, ಪಾತ್ರೆಗಳು ಬೇರೆ, ಕೈಕಾಲುಗಳನ್ನು ತೊಳೆದೇ ಬರಬೇಕು. ನಮ್ಮ ಜನರು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತಕ್ಕೆ ಮೊದಲ ವಾರದಲ್ಲಿ ಹನಿಯ ಲಸಿಕೆಯೂ, ಆರರಿಂದ ಎಂಟು ವಾರದ ಹೊತ್ತಿಗೆ ಚುಚ್ಚುವ ಲಸಿಕೆಯೂ ಆಗಿರಬೇಕು. ರಕ್ತಭೇದಿಯು ಇದಕ್ಕಿಂತಲೂ ಕಪಟವಾದದ್ದು. ಅದರ ಸೂಕ್ಷ್ಮಜೀವಿಯನ್ನು ಬಲಿತ ಕೋಳಿಯು ಯಾವ ಲಕ್ಷಣವನ್ನೂ ತೋರಿಸದೆ ಹೊತ್ತಿರಬಹುದು. ಅದರ ಹಿಕ್ಕೆಯು ಬಿದ್ದ ಒದ್ದೆ ಹೊಟ್ಟಿನ ಮೇಲೆ ಮೂರರಿಂದ ಆರು ವಾರದ ಮರಿಯು ತಿರುಗಾಡಿದರೆ ಅದಕ್ಕೆ ತಗಲುವದು. ಮರಿಯು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತ, ಹಿಕ್ಕೆಯಲ್ಲಿ ರಕ್ತ ತೋರಿದರೆ, ತಡಮಾಡದೆ ಪಶುವೈದ್ಯರ ಬಳಿಗೆ ಹೋಗಿರಿ. ಮಳೆಗಾಲದಲ್ಲಿ ಬತ್ತದ ಹೊಟ್ಟನ್ನು ಒಣಗಿಸುತ್ತಿರುವದೇ ಅರ್ಧ ಔಷಧ.

ಈ ಅವಧಿಯು ಕಳೆದ ಮೇಲೆ ಗೂಡಿನ ನಡುವೆ ತಂತಿಬಲೆಯನ್ನು ಕಟ್ಟಿ, ಎರಡು ಗುಂಪುಗಳನ್ನೂ ಅದರ ಎರಡು ಬದಿಗಳಲ್ಲಿ ಒಂದೆರಡು ವಾರ ಇಡಬೇಕು. ನೋಡಬಹುದು, ಕೇಳಬಹುದು, ಮುಟ್ಟಲಾಗದು. ಬಲೆಯ ಎರಡು ಕಡೆಗೂ ಸಮೀಪದಲ್ಲಿಯೇ ಮೇವನ್ನಿಟ್ಟರೆ ಎದುರುಬದುರಾಗಿ ತಿನ್ನುವ ಅಭ್ಯಾಸವಾಗುವದು. ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದ ಸಾರವು ಈ ಬಲೆಯೇ. ಇದಕ್ಕೆ ತಗಲುವ ಖರ್ಚು ನಾಲ್ಕು ಮರಿಗಳ ಬೆಲೆಯೂ ಆಗಲಾರದು, ಆದರೂ ಜನರು ಇದನ್ನೇ ಬಿಟ್ಟುಬಿಡುವರು.

ಬಲೆಯನ್ನು ತೆಗೆಯುವ ಮುಂಚೆ ವಯಸ್ಸನ್ನಲ್ಲ, ಗಾತ್ರವನ್ನು ನೋಡಿರಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯ ಮರಿಯು ಅದೇ ವಯಸ್ಸಿನ ನಾಟಿ ಮರಿಗಿಂತ ಬಹಳ ತೂಕವುಳ್ಳದ್ದು. ಇವೆರಡನ್ನು ಒಂದೇ ತಿಂಗಳಿನವೆಂದು ಕೂಡಿಸಿದರೆ ನಾಟಿಯ ಪಾಡು ಹೇಳತೀರದು. ಒಂದೇ ಒಂದು ಮರಿಯನ್ನು ಎಂದಿಗೂ ಒಳಗೆ ಬಿಡಕೂಡದು. ಐದಾರಾದರೂ ಒಟ್ಟಾಗಿ ಹೋಗಲಿ. ಸಾಧ್ಯವಿದ್ದರೆ ಎರಡು ಗುಂಪುಗಳಿಗೂ ಹೊಸದಾದ ಮೂರನೆಯ ಸ್ಥಳದಲ್ಲಿ ಕೂಡಿಸುವದು ಉತ್ತಮ, ಯಾಕಂದರೆ ಅಲ್ಲಿ ಯಾವದೂ ಮನೆಯ ಒಡತಿಯಲ್ಲ. ಅದಾಗದಿದ್ದರೆ ಕೂರುವ ಕೋಲುಗಳನ್ನೂ ಮೇವಿನ ತೊಟ್ಟಿಗಳನ್ನೂ ಸ್ಥಳ ಬದಲಿಸಿ ಇಡಿರಿ. ಮುಸ್ಸಂಜೆಯಲ್ಲಿ ಹೊಸವನ್ನು ಕೋಲಿನ ಮೇಲೆ ಕೂಡಿಸಿ ಬರುವ ವಾಡಿಕೆಯು ಒಳ್ಳೆಯದೇ; ಆದರೆ ಬೆಳಕು ಹರಿಯುವ ಮುಂಚೆ ನೀವು ಅಲ್ಲಿರಬೇಕು. ಜಗಳವೆಲ್ಲ ಆಗುವದು ಬೆಳಗಿನ ಮೇವಿನ ಹೊತ್ತಿನಲ್ಲಿ.

ಆ ವಾರ ತೊಟ್ಟಿಗಳು ಎರಡಿದ್ದ ಕಡೆ ನಾಲ್ಕಿರಲಿ, ನೀರೂ ಹಾಗೆಯೇ. ಒಂದರಿಂದ ಓಡಿಸಲ್ಪಟ್ಟದ್ದು ಇನ್ನೊಂದರಲ್ಲಿ ತಿನ್ನಲಿ. ಬುಟ್ಟಿ, ಹಲಗೆ, ಸೌದೆಯ ತುಂಡುಗಳನ್ನು ಓರೆಯಾಗಿ ನಿಲ್ಲಿಸಿ ಅಡಗಲು ಮರೆ ಮಾಡಿರಿ. ಅದಕ್ಕೆ ಎರಡು ಕಡೆಗೂ ದಾರಿಯಿರಬೇಕು, ಇಲ್ಲವಾದರೆ ಮರೆಯೇ ಬಲೆಯಾಗುವದು. ನುಗ್ಗೆಸೊಪ್ಪಿನ ಕಟ್ಟೊಂದನ್ನು ಹಗ್ಗದಿಂದ ತೂಗಬಿಟ್ಟರೆ ಕೊಕ್ಕುಗಳಿಗೆ ಬೇರೆ ಕೆಲಸವಾಗುವದು. ಗುಂಪಿನಲ್ಲಿ ಮೊಟ್ಟೆಯಿಡುವ ಹೇಂಟೆಗಳಿದ್ದರೆ ಅವುಗಳ ಸುಣ್ಣಾಂಶ ಹೆಚ್ಚಾದ ಮೇವು ಎಳೆಯ ಮರಿಗಳ ಮೂತ್ರಪಿಂಡಗಳಿಗೆ ಕೇಡು. ಎಲ್ಲವಕ್ಕೂ ಬೆಳೆಯುವ ಮರಿಗಳ ಮೇವನ್ನೇ ಹಾಕಿ, ಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿರಿ. ಬೇಕಾದವು ತಾವೇ ತಿನ್ನುವವು.

ಕುಕ್ಕುವದನ್ನು ಕಂಡೊಡನೆ ಕೋಲು ಹಿಡಿದು ನಡುವೆ ನುಗ್ಗಬೇಡಿರಿ. ನೀವು ಬಿಡಿಸಿದ ಜಗಳವನ್ನು ಅವು ನಾಳೆ ಮತ್ತೆ ಆರಂಭಿಸುವವು. ಆದರೆ ರಕ್ತವು ತೋರಿದರೆ ಕ್ಷಣವೂ ಕಾಯಬಾರದು. ಕೆಂಪನ್ನು ಕಂಡು ಹಿಂಡೆಲ್ಲವೂ ಕೂಡಿಬಂದು ಕುಕ್ಕುವದರಿಂದ, ಗಾಯಗೊಂಡದ್ದನ್ನು ಆಗಲೇ ಎತ್ತಿ, ಗಾಯ ಒಣಗುವ ತನಕ ಬಲೆಯ ಆಚೆ ಇಡಿರಿ. ಪೂರಾ ದೂರ ಕಳುಹಿಸಿದರೆ ಅದು ಮರಳಿ ಬರುವಾಗ ಪುನಃ ಪರಕೀಯವಾಗುವದು. ಒಂದೇ ಕೋಳಿಯು ಎಲ್ಲವನ್ನೂ ಅಟ್ಟುತ್ತಿದ್ದರೆ ಅದನ್ನೇ ನಾಲ್ಕು ದಿನ ಬೇರೆಯಿಡಿರಿ. ಅದು ಹಿಂದಿರುಗುವಾಗ ಅದರ ಸ್ಥಾನವು ಹಿಂದಿನಂತೆ ಇರದು.

ತಾಯಿಕೋಳಿಯ ವಿಷಯ ಬೇರೆ. ಅವಳ ಮರಿಗಳು ಒಡೆದು ಬಂದ ಒಂದೆರಡು ದಿನಗಳೊಳಗೆ, ಅದೇ ವಯಸ್ಸಿನ ಪರರ ಮರಿಗಳನ್ನು ರಾತ್ರಿ ಕತ್ತಲಲ್ಲಿ ಅವಳ ರೆಕ್ಕೆಯ ಕೆಳಗಿಟ್ಟರೆ ಸಾಮಾನ್ಯವಾಗಿ ತನ್ನವೆಂದೇ ಸಾಕುವಳು. ತನ್ನವನ್ನು ಗುರುತಿಸಿಕೊಂಡ ಮೇಲೆ ಯಾವ ಉಪಾಯವೂ ನಡೆಯದು.

ಕೂಡಿದವೋ ಇಲ್ಲವೋ ಎಂದು ತಿಳಿಯಲು ಹಗಲಿನಲ್ಲಿ ನೋಡಿದರೆ ಸಾಲದು. ಹಗಲು ಎರಡು ಗುಂಪುಗಳು ಬಹುದಿನ ಬೇರೆ ಬೇರೆಯಾಗಿಯೇ ಮೇಯುವದುಂಟು. ರಾತ್ರಿ ದೀಪ ಹಿಡಿದು ಹೋಗಿ ಕೋಲುಗಳನ್ನು ನೋಡಿರಿ. ನೂಲಿನ ಬಣ್ಣಗಳು ಒಂದರ ಪಕ್ಕದಲ್ಲಿ ಇನ್ನೊಂದು ಬೆರೆತು ಕುಳಿತಿದ್ದರೆ, ಮರುದಿನ ತಂತಿಬಲೆಯನ್ನು ಬಿಚ್ಚಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮುಂದಿನ ಮರಿಗಳಿಗಾಗಿ ಸುತ್ತಿಡಬಹುದು.