ಅಧ್ಯಕ್ಷರ ಗಂಡನಿಗೆ ಯಾವ ಅಧಿಕಾರ?

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಗೆ ಮಹಿಳೆಯೊಬ್ಬರು ಅಧ್ಯಕ್ಷರು. ಆದರೆ ಯಾವ ಕೆಲಸಕ್ಕೆ ಹೋದರೂ ಮಾತಾಡುವವರು ಅವರ ಯಜಮಾನರು. ಸಭೆಯಲ್ಲೂ ಪಕ್ಕದ ಕುರ್ಚಿ ಅವರದೇ. ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆಯೇ? ರಾಷ್ಟ್ರಪತಿಯವರ ಪತ್ನಿಗೂ ಒಂದು ಸ್ಥಾನ ಇರುತ್ತದಲ್ಲವೇ?
– ಓದುಗರೊಬ್ಬರು, ಮಲೆಬೆನ್ನೂರು ಹೋಬಳಿ

ಉತ್ತರ: ಅವಕಾಶ ಇಲ್ಲ. ರಾಷ್ಟ್ರಪತಿ ಭವನದಲ್ಲೂ ಇಲ್ಲ, ನಿಮ್ಮ ಪಂಚಾಯಿತಿಯಲ್ಲೂ ಇಲ್ಲ.

ರಾಷ್ಟ್ರಪತಿಯವರ ಪತಿ ಅಥವಾ ಪತ್ನಿಗೆ ನಮ್ಮ ಸಂವಿಧಾನ ಯಾವ ಹುದ್ದೆಯನ್ನೂ ಕೊಟ್ಟಿಲ್ಲ. ವಿದೇಶಿ ಅತಿಥಿಗಳನ್ನು ಬರಮಾಡಿಕೊಳ್ಳುವುದು, ಔತಣಕೂಟ, ಪ್ರವಾಸಗಳಲ್ಲಿ ಜೊತೆಗಿರುವುದು ಇವೆಲ್ಲ ಶಿಷ್ಟಾಚಾರ. ರಾಷ್ಟ್ರಪತಿಯವರ ವೇತನ, ಪಿಂಚಣಿಗೆ ಸಂಬಂಧಿಸಿದ 1951ರ ಕಾಯ್ದೆಯಲ್ಲಿ ಬಾಳಸಂಗಾತಿಗೆ ಕುಟುಂಬ ಪಿಂಚಣಿ, ಉಚಿತ ಚಿಕಿತ್ಸೆಯಂಥ ಸೌಲಭ್ಯಗಳಿವೆ. ಕಡತ ನೋಡುವ ಹಕ್ಕಿಲ್ಲ. 2007ರಿಂದ 2012ರವರೆಗೆ ಪ್ರತಿಭಾ ಪಾಟೀಲ್ ರಾಷ್ಟ್ರಪತಿಯಾಗಿದ್ದರು. ಅವರ ಪತಿ ದೇವಿಸಿಂಗ್ ಶೇಖಾವತ್ ಸ್ವತಃ ಅಮರಾವತಿಯ ಶಾಸಕರೂ ಮೇಯರೂ ಆಗಿದ್ದವರು. ಆಡಳಿತ ತಿಳಿದವರೇ. ಆದರೂ ಅಂಕಿತ ಹಾಕುವ ಅಧಿಕಾರ ಪ್ರತಿಭಾ ಅವರೊಬ್ಬರದೇ ಆಗಿತ್ತು.

ಇನ್ನು ಪಂಚಾಯಿತಿಗೆ ಬರೋಣ. ಕರ್ನಾಟಕದಲ್ಲಿ 1983ರ ಕಾಯ್ದೆಯೇ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ದೇಶದ ಎಲ್ಲ ಪಂಚಾಯಿತಿಗಳಲ್ಲೂ ಮಹಿಳಾ ಮೀಸಲಾತಿ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ. 2010ರಲ್ಲಿ ರಾಜ್ಯದಲ್ಲಿ ಆ ಪಾಲು ಶೇ 50ಕ್ಕೆ ಏರಿತು. ಇಷ್ಟು ವರ್ಷ ಹೋರಾಡಿ ಪಡೆದ ಕುರ್ಚಿಯಲ್ಲಿ ಗಂಡ ಬಂದು ಕೂತರೆ ಮೀಸಲಾತಿಗೆ ಏನು ಅರ್ಥ ಉಳಿಯಿತು?

1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸಭೆ ಕರೆಯುವವರು, ಅದನ್ನು ನಡೆಸುವವರು, ದಾಖಲೆಗಳನ್ನು ನೋಡಬಲ್ಲವರು ಅಧ್ಯಕ್ಷರು. ನಡಾವಳಿ ಪುಸ್ತಕಕ್ಕೆ ಅವರ ಸಹಿ ಬೇಕು. ಹಣ ಬಿಡುಗಡೆಯ ಡಿಜಿಟಲ್ ಸಹಿಯೂ ಅವರ ಹೆಸರಿನದು. ಎಷ್ಟೋ ಕಡೆ ಆ ಸಹಿಯ ಡೋಂಗಲ್ ಗಂಡನ ಜೇಬಿನಲ್ಲಿರುತ್ತದೆ, ಒಟಿಪಿ ಗಂಡನ ಮೊಬೈಲಿಗೆ ಬರುತ್ತದೆ. ಅಪಾಯ ಇರುವುದೇ ಅಲ್ಲಿ. ನಾಳೆ ಬಿಲ್ಲಿನಲ್ಲಿ ಅವ್ಯವಹಾರ ಆದರೆ ನೋಟಿಸ್ ಬರುವುದು ಆಕೆಗೆ. ದುರ್ನಡತೆ, ಕರ್ತವ್ಯಲೋಪ ಸಾಬೀತಾದರೆ ಸ್ಥಾನ ಹೋಗುವುದೂ ಆಕೆಯದು. ಗಂಡನಿಗೆ ಕಳೆದುಕೊಳ್ಳಲು ಹುದ್ದೆಯೇ ಇಲ್ಲ.

ಇದು ದೇಶದ ಉದ್ದಗಲಕ್ಕೂ ಇರುವ ರೋಗ. ಹಾಗಾಗಿಯೇ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಒಂದು ಸಮಿತಿ ನೇಮಿಸಿತು. ಹೀಗೆ ಹೆಂಡತಿಯ ಹೆಸರಲ್ಲಿ ಅಧಿಕಾರ ನಡೆಸುವವರಿಗೆ ಕಠಿಣ ದಂಡ ವಿಧಿಸಬೇಕೆಂದು ಸಮಿತಿ ಶಿಫಾರಸು ಮಾಡಿದೆ.

ಹಾಗಾದರೆ ಗಂಡ ಏನೂ ಮಾಡಬಾರದೇ? ಮಾಡಲು ಬೇಕಾದಷ್ಟಿದೆ. ಹರಿಹರದ ತಾಲ್ಲೂಕು ಪಂಚಾಯಿತಿಯಲ್ಲಿ ಸಭೆ ಇದ್ದ ದಿನ ಮನೆ, ಮಕ್ಕಳು, ದನಕರು ನೋಡಿಕೊಳ್ಳಬಹುದು. ಆಕೆಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಕಚೇರಿ ಬಾಗಿಲಲ್ಲಿ ಬಿಟ್ಟು ಬರಬಹುದು. ಲೆಕ್ಕಪತ್ರ ಅರ್ಥವಾಗದಿದ್ದರೆ ರಾತ್ರಿ ಕೂತು ಇಬ್ಬರೂ ಓದಬಹುದು. ಗ್ರಾಮಸಭೆಗೆ ಮತದಾರನಾಗಿ ಬಂದು ಜನರ ನಡುವೆ ಕೂತು ಪ್ರಶ್ನೆಯನ್ನೂ ಕೇಳಬಹುದು. ಮೊದಲ ಸಲ ಗೆದ್ದ ಹೆಣ್ಣುಮಗಳಿಗೆ ಇಂಥ ಬೆಂಬಲ ದೊಡ್ಡ ಬಲ.

ನಿಮಗೂ ದಾರಿಗಳಿವೆ. ಮಾಹಿತಿ ಹಕ್ಕಿನಡಿ ನಡಾವಳಿ ಮತ್ತು ಹಾಜರಾತಿಯ ಪ್ರತಿ ಕೇಳಿ. ಸದಸ್ಯರಲ್ಲದವರು ಸಭೆ ನಡೆಸುತ್ತಿದ್ದರೆ ಹರಿಹರ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಲಿಖಿತ ದೂರು ಕೊಡಿ. ಅಲ್ಲಿ ಕೆಲಸ ಆಗದಿದ್ದರೆ ದಾವಣಗೆರೆ ಜಿಲ್ಲಾ ಪಂಚಾಯಿತಿಯ ಸಿಇಒಗೆ. ಅದಕ್ಕೂ ಮೊದಲು ಊರಿನವರೆಲ್ಲ ಒಂದು ಅಭ್ಯಾಸ ಬಿಡಬೇಕು. ನಲ್ಲಿ ನೀರು ನಿಂತರೆ, ಬೀದಿ ದೀಪ ಕೆಟ್ಟರೆ ನಾವು ಫೋನ್ ಮಾಡುವುದು ಯಜಮಾನರಿಗೇ. ಇನ್ನು ಮುಂದೆ ಅಧ್ಯಕ್ಷರಿಗೇ ಮಾಡಿ. ಅರ್ಜಿಯನ್ನು ಅವರ ಕೈಗೇ ಕೊಡಿ, ಉತ್ತರವನ್ನೂ ಅವರಿಂದಲೇ ಕೇಳಿ.